ಅಟ್ಟಿದವನೇ ಅರಸಿ ಹೊರಟಾಗ

ದುರ್ಬಲನೊಬ್ಬನಿಗಾಗಿ ಕನಿಕರಪಡುವುದು ಸುಲಭ. ಅವನೊಡನೆ ದಿನವೂ ದುಡಿಯುವುದು ಕಷ್ಟ. ಈ ಸತ್ಯವನ್ನು ನಗಿಸುತ್ತಲೇ ಮನಗಾಣಿಸುವ ಚಲನಚಿತ್ರವೊಂದಿದೆ. ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾದಲ್ಲಿ ಇರ್ಷಿ ಮೆಂಜೆಲ್ 1985ರಲ್ಲಿ ನಿರ್ದೇಶಿಸಿದ ‘ನನ್ನ ಮುದ್ದಿನ ಪುಟ್ಟ ಹಳ್ಳಿ’ಯೇ ಅದು. ಚಿತ್ರಕಥೆ ಜ್ದೆನೆಕ್ ಸ್ವೆರಾಕ್ ಅವರದು.

ಅದೊಂದು ಸಹಕಾರಿ ಬೇಸಾಯದ ಹಳ್ಳಿ. ಲಾರಿ ಚಾಲಕ ಪಾವೆಕ್ ಗಿಡ್ಡ, ಸ್ಥೂಲಕಾಯ, ಮುಂಗೋಪಿ. ಅವನ ಸಹಾಯಕ ಓಟಿಕ್ ನೀಳಕಾಯದ ಯುವಕ. ಹೆತ್ತವರಿಲ್ಲ, ಬುದ್ಧಿ ಬಲಿತಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಓಟಿಕ್ ತನ್ನ ಹೆಜ್ಜೆಯನ್ನು ಪಾವೆಕನ ಹೆಜ್ಜೆಗೆ ಹೊಂದಿಸಿಕೊಂಡು ನಡೆಯುತ್ತಾನೆ. ಮಾತಿಲ್ಲದ ಆ ನಡಿಗೆಯೇ ಅವರ ಸಂಬಂಧದ ಚಿತ್ರ. ಆದರೆ ಓಟಿಕನ ಎಡವಟ್ಟುಗಳಿಗೆ ಬೇಸತ್ತ ಪಾವೆಕ್, ಸುಗ್ಗಿ ಮುಗಿದ ಮೇಲೆ ಅವನನ್ನು ತನ್ನ ಲಾರಿಯಲ್ಲಿ ಇರಿಸಿಕೊಳ್ಳಲು ಒಪ್ಪುವುದಿಲ್ಲ. ಸಿಡುಕ ಟುರೆಕನ ಕೈಕೆಳಗೆ ದುಡಿಯಲು ಅಂಜಿದ ಓಟಿಕ್ ಪ್ರಾಗ್ ನಗರದ ಕೆಲಸವನ್ನು ಒಪ್ಪಿಕೊಳ್ಳುತ್ತಾನೆ. ಆ ಕೊಡುಗೆಯ ಹಿಂದೆ, ಓಟಿಕನ ಮನೆಯನ್ನು ತನ್ನ ವಾರಾಂತ್ಯದ ಬಿಡಾರವಾಗಿಸಿಕೊಳ್ಳುವ ಅಧಿಕಾರಿಯೊಬ್ಬನ ಹಂಚಿಕೆಯಿದೆ. ಕೊನೆಗೆ ಪಾವೆಕನೇ ನಗರಕ್ಕೆ ಹೋಗಿ ಅವನನ್ನು ಮರಳಿ ಕರೆತರುತ್ತಾನೆ.

ಕಳೆದುಹೋದ ಕುರಿಯ ಸಾಮತಿ ನಮಗೆ ನೆನಪಾಗದಿರದು. ಆದರೆ ಇಲ್ಲೊಂದು ವ್ಯತ್ಯಾಸವಿದೆ: ಈ ಕುರಿ ತಾನಾಗಿ ದಾರಿ ತಪ್ಪಲಿಲ್ಲ, ಕಾಯಬೇಕಾದವನೇ ಅಟ್ಟಿದ್ದ. ಆದ್ದರಿಂದ ಪಾವೆಕನ ಪಯಣ ಕೇವಲ ಕರುಣೆಯಲ್ಲ, ಪಶ್ಚಾತ್ತಾಪ. ಮೆಂಜೆಲ್ ಅವನನ್ನು ಸಂತನನ್ನಾಗಿಸುವುದಿಲ್ಲ. ಅವನ ದೂರಿನಲ್ಲಿ ನ್ಯಾಯವೂ ಇತ್ತು. ನ್ಯಾಯ ತನ್ನ ಕಡೆಗಿದ್ದರೂ ತಾನು ತಪ್ಪಿದೆನೆಂದು ಅರಿಯುವುದರಲ್ಲೇ ಅವನ ಹಿರಿಮೆ.

ಚಿತ್ರಕ್ಕೆ ಕೊರತೆಯಿಲ್ಲದಿಲ್ಲ. ಟುರೆಕನ ಮನೆಯ ಅನುಮಾನ, ಅವನ ಹೆಂಡತಿಯ ಸಂಕಟ ನಗೆಯಲ್ಲಿ ತೇಲಿಹೋಗುತ್ತವೆ. ಅಧಿಕಾರಿಗಳ ಆಸೆಬುರುಕುತನಕ್ಕೂ ಮೆಲ್ಲನೆ ಚುಚ್ಚಿ ಬಿಡಲಾಗಿದೆ. ಮೆಂಜೆಲ್ 1969ರಲ್ಲಿ ತಯಾರಿಸಿದ ಚಿತ್ರವೊಂದು 1990ರವರೆಗೂ ನಿಷೇಧಕ್ಕೊಳಗಾಗಿತ್ತು ಎಂಬುದನ್ನು ನೆನೆದರೆ ಈ ಸಂಕೋಚ ಅರ್ಥವಾಗುತ್ತದೆ.

ಅದೇ 1985ರಲ್ಲಿ, ಸರ್ಕಾರದ ಅಡೆತಡೆಗಳ ನಡುವೆಯೂ, ಸಂತ ಮೆಥೋಡಿಯಸರ ಸ್ಮರಣೆಗೆ ಲಕ್ಷಕ್ಕೂ ಮಿಗಿಲಾದ ವಿಶ್ವಾಸಿಗಳು ಆ ದೇಶದ ವೆಲೆಹ್ರಾಡ್‌ನಲ್ಲಿ ನೆರೆದಿದ್ದರು. ಈ ಚಿತ್ರ ಧರ್ಮವನ್ನು ಬೋಧಿಸುವುದಿಲ್ಲ. ಆದರೂ ಶುಭಸಂದೇಶಕ್ಕೆ ಕಿವಿಗೊಟ್ಟವರಿಗೆ ಅದರ ದನಿ ಇಲ್ಲಿಯೂ ಕೇಳಿಸುತ್ತದೆ.

ಸಾಧ್ಯವಾದರೆ ಮನೆಮಂದಿಯೆಲ್ಲ ಕೂಡಿ ನೋಡಿರಿ. ನೋಡಿ ಮುಗಿದ ಮೇಲೆ, ನಮ್ಮ ಅಸಹನೆಯಿಂದ ದೂರ ಸರಿದವರು ಯಾರೆಂದು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ಕೇಳಿಕೊಳ್ಳೋಣ. ಅವರು ತಾವಾಗಿ ಹಿಂದಿರುಗಲೆಂದು ಕಾಯುವುದು ಸಾಲದು. ನಾವೇ ಹೊರಡಬೇಕು.