ಮರ ಒಪ್ಪಿತೇ?

ರೋಮಿನ ಕವಿ ಓವಿಡ್ ಸುಮಾರು 2,000 ವರ್ಷಗಳ ಹಿಂದೆ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಮೆಟಮಾರ್ಫಸಿಸ್’ ದೊಡ್ಡ ಕಾವ್ಯ. 15 ಭಾಗ, ಸುಮಾರು 12,000 ಸಾಲು. ಮನುಷ್ಯರು ಮರ, ಹಕ್ಕಿ, ಕಲ್ಲುಗಳಾಗುವ ಕಥೆಗಳು ಇದರಲ್ಲಿ ತುಂಬಿವೆ.

ಮೊದಲ ಭಾಗದಲ್ಲೇ ಡ್ಯಾಫ್ನೆಯ ಕಥೆ ಉಂಟು. ಅಪೊಲೊ ದೇವರು ಅವಳ ಬೆನ್ನು ಹತ್ತುತ್ತಾನೆ. ಅವಳಿಗೆ ಅವನು ಬೇಡ, ಓಡುತ್ತಾಳೆ. ಇನ್ನು ಓಡಲಾರೆ ಎನ್ನುವಾಗ ತಂದೆಯಾದ ನದಿಗೆ ಮೊರೆಯಿಟ್ಟು ಲಾರೆಲ್ ಮರವಾಗುತ್ತಾಳೆ. ಆಗಲೂ ಅವನು ಬಿಡುವುದಿಲ್ಲ. ಹೆಂಡತಿಯಾಗದಿದ್ದರೆ ಬೇಡ, ನನ್ನ ಮರವಾಗಿರು ಅನ್ನುತ್ತಾನೆ. ಮರ ಅಲ್ಲಾಡುತ್ತದೆ.

ಇಲ್ಲಿ ಓವಿಡ್ ಬಹಳ ಎಚ್ಚರದಿಂದ ಬರೆದಿದ್ದಾನೆ. ಕೊಂಬೆ ಬಾಗಿದ್ದಕ್ಕೆ ಅವನು ಬಳಸಿದ ಪದಕ್ಕೆ ‘ಒಪ್ಪಿತು’ ಎಂಬ ಅರ್ಥವೂ ಉಂಟು. ಆದರೆ ತುದಿ ತಲೆಯ ಹಾಗೆ ಆಡಿತು ಎನ್ನುವಾಗ ‘ಕಂಡಿತು’ ಅಂತ ಸೇರಿಸಿದ್ದಾನೆ. ಹಾಗೆ ಕಂಡದ್ದು ಯಾರಿಗೆ? ಬೇಡಿದವನಿಗೇ ಇರಬಹುದಲ್ಲ!

1567ರಲ್ಲಿ ಆರ್ಥರ್ ಗೋಲ್ಡಿಂಗ್ ಇಡೀ ಕಾವ್ಯವನ್ನು ಇಂಗ್ಲಿಷ್ ಪದ್ಯಕ್ಕೆ ತಂದ. ಷೇಕ್ಸ್‌ಪಿಯರ್ ಓದಿದ್ದು ಇದನ್ನೇ. ಗೋಲ್ಡಿಂಗ್ ಆ ‘ಕಂಡಿತು’ವನ್ನು ಉಳಿಸಿಕೊಂಡ, ಸರಿ. ಆದರೆ ಅಪೊಲೊನ ಬೇಡಿಕೆ ನ್ಯಾಯವಾದದ್ದು ಅಂತ ತಾನೇ ತೀರ್ಪು ಕೊಟ್ಟ. ಅದು ಮೂಲದಲ್ಲಿಲ್ಲ.

1693ರಲ್ಲಿ ಅಚ್ಚಾದ ಜಾನ್ ಡ್ರೈಡನ್‌ನ ಅನುವಾದ ಇನ್ನೂ ಇಂಪು. ಎರಡೆರಡು ಸಾಲಿಗೆ ಅಂತ್ಯಪ್ರಾಸ, ನಡಿಗೆ ಹಗುರ. ಆದರೆ ಅವನಲ್ಲಿ ‘ಕಂಡಿತು’ ಮಾಯ! ಮರಕ್ಕೆ ಕೃತಜ್ಞತೆ ಉಂಟಾಯಿತು, ಅವನ ಮಾತಿನಿಂದ ಸಂತೋಷವೂ ಆಯಿತು ಅನ್ನುತ್ತಾನೆ. ಪ್ರಾಸಕ್ಕಾಗಿ ಹಾಗಾಯ್ತು ಅಂತ ಬಿಡುವ ಹಾಗೂ ಇಲ್ಲ. ಸೇರಿಸಿದ ಆ ಎರಡು ಪದಗಳು ಪ್ರಾಸದ ಜಾಗದಲ್ಲೇ ಇಲ್ಲ. ಓಡಿ ಓಡಿ ಸೋತು ಮರವಾದವಳಿಗೆ ಕೃತಜ್ಞತೆ ಎಲ್ಲಿಂದ ಬರಬೇಕು?

2022ರಲ್ಲಿ ಸ್ಟೆಫನಿ ಮೆಕಾರ್ಟರ್ ಎಂಬಾಕೆ ಈ ಕಾವ್ಯವನ್ನು ಪ್ರಾಸವಿಲ್ಲದ ಛಂದಸ್ಸಿನಲ್ಲಿ ಹೊಸದಾಗಿ ಅನುವಾದಿಸಿದರು. ಹೆಣ್ಣಿನ ಮೇಲಿನ ಬಲಾತ್ಕಾರವನ್ನು ಹಿಂದಿನವರು ನಯವಾದ ಮಾತುಗಳಲ್ಲಿ ಮುಚ್ಚಿಟ್ಟರು ಎಂಬುದು ಅವರ ಆಕ್ಷೇಪ. ಡ್ರೈಡನ್‌ನ ಆ ಸಾಲು ಓದಿದರೆ ಆಕ್ಷೇಪ ಸುಳ್ಳಲ್ಲ ಅನಿಸುತ್ತದೆ.

ಡ್ರೈಡನ್ ದೊಡ್ಡ ಕವಿ, ಸಂಶಯವಿಲ್ಲ. ಅವನ ಪದ್ಯವನ್ನು ಈಗಲೂ ಗಟ್ಟಿಯಾಗಿ ಓದಬೇಕು ಅನಿಸುತ್ತದೆ. ಆದರೂ ಕನ್ನಡ ಕಲಿಸುವ ಯಾವ ಮೇಷ್ಟ್ರಿಗಾದರೂ ‘ತಲೆಯಾಡಿಸಿತು’ ಮತ್ತು ‘ತಲೆಯಾಡಿಸಿದ ಹಾಗೆ ಕಂಡಿತು’ ಎಂಬುದರ ವ್ಯತ್ಯಾಸ ಗೊತ್ತು. ಮರವಾದವಳಿಗೆ ಬಾಯಿ ಇಲ್ಲ. ಅವಳ ಪರವಾಗಿ ‘ಹೂಂ’ ಅನ್ನುವ ಅಧಿಕಾರ ಅನುವಾದಕನಿಗೂ ಇಲ್ಲ.