ವೇದಿಕೆಗೆ ಬಂದವರು, ಅಂಗಡಿಗೆ ಬರುವವರು

ದೀಪಾವಳಿ ಕಳೆದು ಅಡಿಕೆಯ ಮೊದಲ ಕೊಯ್ಲು ಅಂಗಳಕ್ಕೆ ಬೀಳುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಸ್ಥಳೀಯ ಪತ್ರಿಕೆಗಳಲ್ಲಿ ‘ಸ್ಥಳಾಂತರಗೊಂಡು ಶುಭಾರಂಭ’ ಎಂಬ ಜಾಹೀರಾತುಗಳು ಹೆಚ್ಚತೊಡಗುತ್ತವೆ. ಆಟಿಯಲ್ಲಿ ಮುಹೂರ್ತ ಕೇಳುವವರಿಲ್ಲ, ಮಳೆಗೆ ಶಾಮಿಯಾನ ತಡೆಯುವುದಿಲ್ಲ. ತೋಟದ ದುಡ್ಡು ಪೇಟೆಗೆ ಇಳಿಯುವುದೂ ಮಳೆ ನಿಂತ ಮೇಲೆಯೇ. ಹಾಗಾಗಿ ಬಟ್ಟೆಯಂಗಡಿ, ಚಿನ್ನದಂಗಡಿ, ಹಾರ್ಡ್‌ವೇರ್, ಮೊಬೈಲ್, ಸಹಕಾರಿ ಸಂಘದ ಶಾಖೆ ಎಲ್ಲವೂ ಪತ್ತನಾಜೆಯೊಳಗೆ ತಮ್ಮ ಶುಭಕಾರ್ಯ ಮುಗಿಸಿಕೊಳ್ಳಲು ನೋಡುತ್ತವೆ.

ಆಟ, ನಾಟಕಗಳಿಗೆಲ್ಲ ವಿಮರ್ಶೆ ಬರೆಯುವ ಊರು ನಮ್ಮದು. ಅಷ್ಟೇ ನಿಷ್ಠೆಯಿಂದ ನಾವು ಕೂತು ನೋಡುವ ಈ ಶುಭಾರಂಭ ಸಮಾರಂಭವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡಿಲ್ಲ. ವರದಿ ಬರುತ್ತದೆ, ಉಪಸ್ಥಿತರಿದ್ದವರ ಹೆಸರು ಬರುತ್ತದೆ, ಅಲ್ಲಿಗೆ ಮುಗಿಯಿತು. ಒಬ್ಬ ವ್ಯಾಪಾರಿ ಎರಡು ಮೂರು ತಿಂಗಳ ಲಾಭವನ್ನು ಒಂದೇ ಬೆಳಗ್ಗೆ ಖರ್ಚು ಮಾಡಿಬಿಡಬಹುದಾದ ಕಾರ್ಯಕ್ರಮಕ್ಕೆ, ಅದು ತನ್ನ ಕೆಲಸ ಮಾಡಿತೇ ಎಂದು ಕೇಳುವ ಮರ್ಯಾದೆಯನ್ನಾದರೂ ಕೊಡಬೇಕು.

ನನ್ನ ತಕರಾರು ಇಷ್ಟೇ. ಹೊಸದಾಗಿ ಅಂಗಡಿ ತೆರೆಯುವುದು ಬೇರೆ, ಇದ್ದ ಅಂಗಡಿಯನ್ನು ಹೊಸ ಜಾಗಕ್ಕೆ ಒಯ್ಯುವುದು ಬೇರೆ. ಹೊಸ ಅಂಗಡಿಗೆ ಹೆಸರು ಬೇಕು. ಜಾಗ ಬದಲಿಸಿದ ಅಂಗಡಿಗೆ ಹೆಸರು ಆಗಲೇ ಇದೆ, ಅದಕ್ಕೆ ಬೇಕಾದದ್ದು ಹಳೆಯ ಗಿರಾಕಿ ಹೊಸ ಮೆಟ್ಟಿಲು ಹತ್ತುವುದು. ನಮ್ಮ ಮೂರೂ ಪೇಟೆಗಳಲ್ಲಿ ಎರಡಕ್ಕೂ ಒಂದೇ ಕಾರ್ಯಕ್ರಮ ನಡೆಯುತ್ತಿದೆ. ಪರಿಣಾಮವಾಗಿ ವೇದಿಕೆ ತುಂಬುತ್ತದೆ, ಗಿರಾಕಿ ಮಾತ್ರ ಹಳೆಯ ಅಂಗಡಿಯ ಮುಚ್ಚಿದ ಶಟರಿನ ಮುಂದೆ ನಿಂತು ಪಕ್ಕದವನನ್ನು ವಿಚಾರಿಸುತ್ತಿರುತ್ತಾನೆ.

ಈ ಕಾರ್ಯಕ್ರಮದ ಚೌಕಟ್ಟು ವ್ಯಾಪಾರದೊಳಗಿಂದ ಹುಟ್ಟಿದ್ದಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಅತಿಥಿಗಳ ಮಾತು, ಅಧ್ಯಕ್ಷ ಭಾಷಣ, ಧನ್ಯವಾದ, ಇಡೀ ಹೊತ್ತು ಮೈಕ್ ಹಿಡಿದ ನಿರೂಪಕ: ಇದು ಸಹಕಾರಿ ಸಂಘದ ಸಭೆಯ ಕ್ರಮ, ಶಾಲಾ ವಾರ್ಷಿಕೋತ್ಸವದ ಕ್ರಮ, ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯ ಕ್ರಮ. ಪುತ್ತೂರಿನ ಮಟ್ಟಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿಯನ್ನು ಬೆಳೆಸಿದ ನೆಲ ಇದು. ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಇದೇ ಪುತ್ತೂರಿನಲ್ಲಿ, ಮಂಗಳೂರಿಗೆ ಹೋದದ್ದು ಆಮೇಲೆ. ಇಲ್ಲಿ ನಾಲ್ಕು ಜನ ಸೇರಿ ಏನು ಶುರು ಮಾಡಿದರೂ ಅದಕ್ಕೊಂದು ಸಭೆ, ಸಭೆಗೊಬ್ಬ ಅಧ್ಯಕ್ಷ ಇರಲೇಬೇಕು ಎಂಬ ಅಭ್ಯಾಸ ಬಂದದ್ದು ಆ ಪರಂಪರೆಯಿಂದ.

ಸಹಕಾರಿ ಸಂಸ್ಥೆಗೆ ಆ ಕ್ರಮ ಒಪ್ಪುತ್ತದೆ. ಕ್ಯಾಂಪ್ಕೊ ಉದಾಹರಣೆ ನೋಡಿ. ಅಡಿಕೆ ಬೆಳೆಗಾರರ ಸಂಸ್ಥೆಯಾಗಿ 1973ರಲ್ಲಿ ಹುಟ್ಟಿದ ಅದು, ಕೊಕ್ಕೊವನ್ನು ಕೊಳ್ಳುವವರೇ ಇಲ್ಲದ ಸ್ಥಿತಿ ಬಂದಾಗ ಬೆಳೆಗಾರರ ಕೊಕ್ಕೊ ಕೊಳ್ಳಲು ಮುಂದೆ ಬಂತು. ಮುಂದೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರಲ್ಲಿ ಅದರ ಉದ್ಘಾಟನೆಗೆ ಬಂದವರು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್. ಅಲ್ಲಿ ದೊಡ್ಡ ವೇದಿಕೆಗೆ ಅರ್ಥವಿತ್ತು. ಸಂಸ್ಥೆಯ ಸದಸ್ಯನೇ ಅದರ ಯಜಮಾನ, ಅವನೇ ಮಾಲು ತರುವವನು. ತನ್ನ ಕೊಕ್ಕೊಗೆ ಮುಂದೆ ಗತಿಯಿದೆ ಎಂಬ ಭರವಸೆ ಅವನಿಗೆ ಸಾರ್ವಜನಿಕವಾಗಿ ಸಿಗಬೇಕಿತ್ತು. ಕೋರ್ಟ್ ರಸ್ತೆಯಿಂದ ದರ್ಬೆಗೆ ಹೋಗುವ ಚಪ್ಪಲಿ ಅಂಗಡಿಗೆ ಅಂಥ ಯಾವ ಭರವಸೆಯನ್ನೂ ಕೊಡಬೇಕಾಗಿಲ್ಲ. ಅದಕ್ಕೆ ದಾರಿ ತೋರಿಸಬೇಕಾಗಿದೆ, ಅಷ್ಟೆ.

ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಮೇಲೆ ಗಣಪತಿ. ಕೆಳಗೆ, ಗ್ರಾಹಕರ ಬೇಡಿಕೆಯ ಮೇರೆಗೆ ವಿಶಾಲವಾದ ನೂತನ ಕಟ್ಟಡಕ್ಕೆ ಎಂಬ ಒಕ್ಕಣೆ. ಆಮೇಲೆ ಹೆಸರುಗಳು: ಆಶೀರ್ವಚನ ಒಬ್ಬರು, ಉದ್ಘಾಟನೆ ಒಬ್ಬರು, ದೀಪ ಬೆಳಗುವವರು ಇನ್ನೊಬ್ಬರು, ಕ್ಯಾಶ್ ಕೌಂಟರಿಗೆ ಒಬ್ಬರು, ಮೊದಲ ಮಹಡಿಗೆ ಒಬ್ಬರು, ಪ್ರಥಮ ಖರೀದಿಗೆ ಮತ್ತೊಬ್ಬರು. ಶಾಸಕರು, ನಗರಸಭೆ ಅಥವಾ ಪಂಚಾಯತಿನವರು, ದೇವಸ್ಥಾನದ ಆಡಳಿತದವರು, ಚರ್ಚಿನ ಧರ್ಮಗುರು, ಮಸೀದಿಯ ಖತೀಬರು, ವರ್ತಕರ ಸಂಘದವರು, ಕಟ್ಟಡದ ಮಾಲಕರು. ಯಾರ ಹೆಸರೂ ತಪ್ಪಬಾರದು, ಯಾರ ಹೆಸರೂ ಕೆಳಗಾಗಬಾರದು ಎಂದು ಈ ಪಟ್ಟಿಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಅಂಗಡಿಯ ಹೊಸ ವಿಳಾಸ ಕೊನೆಯ ಸಾಲಿನಲ್ಲಿ, ಕಟ್ಟಡದ ಹೆಸರಿನೊಂದಿಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಕಟ್ಟಡವೋ ಈಚೆಗೆ ಎದ್ದದ್ದು, ಅದರ ಹೆಸರು ರಿಕ್ಷಾದವರ ಬಾಯಿಗೇ ಇನ್ನೂ ಬಂದಿಲ್ಲ. ಬಸ್‌ಸ್ಟ್ಯಾಂಡಿನಿಂದ ಯಾವ ಕಡೆಗೆ ತಿರುಗಬೇಕು, ಯಾವ ಬ್ಯಾಂಕಿನ ಎದುರು, ಯಾವ ಮೆಡಿಕಲಿನ ಪಕ್ಕ ಎಂಬ ಒಂದು ಸಾಲಿಗೆ ಪತ್ರಿಕೆಯಲ್ಲಿ ಜಾಗ ಉಳಿದಿರುವುದಿಲ್ಲ.

ಈ ಪಟ್ಟಿಯನ್ನು ಪೂರ್ತಿ ಹಳಿಯುವುದು ಸರಿಯಲ್ಲ. ಅರ್ಚಕರು, ಧರ್ಮಗುರುಗಳು, ಖತೀಬರು ಒಂದೇ ಸಾಲಿನಲ್ಲಿ ಕೂತು ಒಂದು ಅಂಗಡಿಗೆ ಒಳ್ಳೆಯದಾಗಲಿ ಎಂದು ಹೇಳುವ ಸಂದರ್ಭ ಈ ಸೀಮೆಯಲ್ಲಿ ಈಗ ಎಷ್ಟು ಉಳಿದಿದೆ? ವ್ಯಾಪಾರಿಗೆ ಎಲ್ಲರೂ ಬೇಕು, ಆ ಬೇಕುತನವೇ ಅವನಿಂದ ಈ ಸಾಲನ್ನು ಹಾಕಿಸುತ್ತದೆ. ಭಾಷಣಗಳಲ್ಲಿ ಸೌಹಾರ್ದದ ಮಾತು ಸವೆದು ಹೋಗಿರಬಹುದು, ಆ ಕುರ್ಚಿಗಳ ಸಾಲು ಸವೆದಿಲ್ಲ. ಒಳ್ಳೆಯ ಸಮಾರಂಭಗಳಲ್ಲಿ ಕಾಣುವ ಇನ್ನೊಂದು ಸಂಗತಿ, ಕಟ್ಟಡದ ಮೇಸ್ತ್ರಿಗೆ, ಮರದ ಕೆಲಸದವರಿಗೆ, ವಯರಿಂಗ್ ಮಾಡಿದವರಿಗೆ, ಹಳೆಯ ಸಿಬ್ಬಂದಿಗೆ ಶಾಲು ಹೊದೆಸುವುದು. ಕಾರ್ಯಕ್ರಮದಲ್ಲಿ ನಿಜವಾಗಿ ಚಪ್ಪಾಳೆ ಬೀಳುವುದು ಆ ಹೊತ್ತಿಗೆ. ದುರದೃಷ್ಟವೆಂದರೆ ಅದನ್ನು ಕೊನೆಗೆ ಇಟ್ಟಿರುತ್ತಾರೆ, ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿಯಾಗಿರುತ್ತದೆ.

ಖಾಲಿಯಾಗುವುದಕ್ಕೂ ಕಾರಣವಿದೆ. ಸಮಾರಂಭ ಎರಡು ಗಡಿಯಾರಗಳ ಮೇಲೆ ನಡೆಯುತ್ತದೆ. ಒಂದು ಪುರೋಹಿತರದ್ದು. ಬೆಳಗ್ಗೆ ಗಣಹೋಮ, ರಾಹುಕಾಲ ತಪ್ಪಿಸಿದ ಮುಹೂರ್ತ, ನಿಮಿಷವೂ ಆಚೀಚೆ ಆಗುವಂತಿಲ್ಲ. ಇನ್ನೊಂದು ಉದ್ಘಾಟಕರದ್ದು. ಅವರಿಗೆ ಅದೇ ದಿನ ಬೇರೆ ಕಡೆಯೂ ಟೇಪು ಕತ್ತರಿಸುವುದಿದೆ. ಹೋಮ ಮುಗಿದು ಬೋಣಿಯೂ ಆಗಿಹೋಗಿರುತ್ತದೆ, ಅಂಗಡಿ ದೈವಸಾಕ್ಷಿಯಾಗಿ ತೆರೆದಾಗಿದೆ, ಆದರೂ ಟೇಪು ಬಾಗಿಲಿಗೆ ಅಡ್ಡ ನಿಂತಿರುತ್ತದೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ಮೂರನೆಯ ಗಡಿಯಾರ, ಬಸ್ಸಿನದ್ದು. ಗುತ್ತಿಗಾರು, ಕೊಲ್ಲಮೊಗ್ರಿನಿಂದ ಸುಳ್ಯಕ್ಕೆ ಬಂದವರು, ಕೊಂಬಾರು, ಬಿಳಿನೆಲೆಯಿಂದ ಕಡಬಕ್ಕೆ ಬಂದವರು ಮಧ್ಯಾಹ್ನದ ಬಸ್ಸನ್ನು ಲೆಕ್ಕ ಹಾಕಿಕೊಂಡೇ ಮನೆ ಬಿಟ್ಟಿರುತ್ತಾರೆ. ಅದು ತಪ್ಪಿದರೆ ಮುಂದಿನದ್ದು ಯಾವಾಗಲೋ. ಉದ್ಘಾಟಕರ ಕಾರು ಬರುವ ಹೊತ್ತಿಗೆ ಇವರು ಸ್ಟ್ಯಾಂಡಿನ ಕಡೆ ಮುಖ ಮಾಡಿರುತ್ತಾರೆ. ಪೂಜೆಯನ್ನು ಮನೆಯವರು, ಸಿಬ್ಬಂದಿ ಸೇರಿ ಬೆಳಗ್ಗೆಯೇ ಮುಗಿಸಿ, ಮೊದಲ ಬಸ್ಸುಗಳು ಬಂದಕೂಡಲೇ ಬಾಗಿಲು ಎಲ್ಲರಿಗೂ ತೆರೆದುಬಿಟ್ಟರೆ ಅರ್ಧ ತೊಂದರೆ ಮುಗಿಯಿತು. ಅತಿಥಿಗಳು ಬಂದಾಗ ಬರಲಿ, ಗಿಜಿಗುಡುವ ಅಂಗಡಿಯೊಳಗೆ ನಿಂತು ನಾಲ್ಕು ಮಾತಾಡಲಿ. ಫೋಟೊ ಕೂಡ ಚಂದ ಬರುತ್ತದೆ. ಪುತ್ತೂರಿನಲ್ಲಾದರೆ ಕಿಲ್ಲೆ ಮೈದಾನದ ಸೋಮವಾರದ ಸಂತೆಯ ಜನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಪಂಚಾಂಗ ನೋಡುವಷ್ಟೇ ಎಚ್ಚರದಿಂದ ಸಂತೆಯ ದಿನ, ಬಸ್ಸಿನ ಸಮಯ ನೋಡಿದವನು ನಿಜವಾದ ವ್ಯಾಪಾರಿ.

ಭಾಷೆಯ ವಿಷಯ ಬೇರೆಯೇ ಹೇಳಬೇಕು. ಕೌಂಟರಿನ ಈಚೆ ಆಚೆ ನಡೆಯುವ ವ್ಯವಹಾರ ಹೆಚ್ಚಾಗಿ ತುಳುವಿನದ್ದು. ಸುಳ್ಯದಲ್ಲಿ ಅರೆಭಾಷೆ, ಕಡಬದ ಕಡೆ ಮಲಯಾಳ, ಎಲ್ಲ ಕಡೆ ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಕಿವಿಗೆ ಬೀಳುತ್ತವೆ. ಮೈಕ್ ಕೈಗೆ ಬಂದ ಕೂಡಲೇ ಅದೇ ಮಾಲಕರು ‘ತಮ್ಮೆಲ್ಲರ ಸಹಕಾರವನ್ನು ಕೋರುತ್ತಾ’ ಎಂದು ಬರೆದದ್ದನ್ನು ಓದತೊಡಗುತ್ತಾರೆ. ಇಪ್ಪತ್ತು ವರ್ಷದಿಂದ ಉದ್ರಿ ಬರೆದುಕೊಂಡು, ಮಗಳ ಮದುವೆಗೆ ಜವಳಿ ಕಟ್ಟಿಕೊಟ್ಟ ಮನುಷ್ಯ ತನ್ನ ಗಿರಾಕಿಗಳಿಗೇ ಅಪರಿಚಿತನಾಗಿ ಕಾಣುವುದು ಆ ಐದು ನಿಮಿಷದಲ್ಲಿ. ಕನ್ನಡದಲ್ಲಿ ಸಭೆ ನಡೆಯಲಿ, ನಡೆಯಲೇಬೇಕು. ಆದರೆ ಸ್ವಾಗತದ ನಾಲ್ಕು ಮಾತನ್ನು ಮಾಲಕರು ದಿನಾ ಆಡುವ ಮಾತಿನಲ್ಲೇ, ಕಾಗದ ಬಿಟ್ಟು ಆಡಿದರೆ ಯಾವ ಅತಿಥಿಯ ಭಾಷಣಕ್ಕಿಂತಲೂ ಅದು ದೂರ ಮುಟ್ಟುತ್ತದೆ.

ಉಪಚಾರದಲ್ಲಿ ಮಾತ್ರ ನಮ್ಮ ಜನರನ್ನು ಮೆಚ್ಚಲೇಬೇಕು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು, ಆಮೇಲೆ ಸಜ್ಜಿಗೆ ಅವಲಕ್ಕಿ, ಬಾಳೆಹಣ್ಣು, ಚಹಾ. ಯಾರನ್ನೂ ನೀನು ಗಿರಾಕಿಯೋ ಅತಿಥಿಯೋ ಎಂದು ಕೇಳುವುದಿಲ್ಲ. ಆದರೆ ಈಚೆಗೆ ಈ ಸರಳ ತಿಂಡಿಯ ಜಾಗಕ್ಕೆ ಬಫೆ ಬಂದಿದೆ, ಅದರ ಹಿಂದೆ ಬಳಸಿ ಬಿಸಾಡುವ ತಟ್ಟೆ ಲೋಟಗಳ ರಾಶಿಯೂ ಬಂದಿದೆ. 2016ರಲ್ಲಿ ರಾಜ್ಯ ಸರಕಾರ ನಿಷೇಧಿಸಿದ್ದು ಪ್ಲಾಸ್ಟಿಕ್ ಕೈಚೀಲವನ್ನು ಮಾತ್ರ ಅಲ್ಲ. ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಮೇಜಿಗೆ ಹಾಸುವ ಹಾಳೆ ಎಲ್ಲವೂ ಆ ಪಟ್ಟಿಯಲ್ಲಿವೆ. ಸಮಾರಂಭದ ಖರ್ಚಿನ ಚೀಟಿ ಬರೆದರೆ ಅದರಲ್ಲಿ ಮುಕ್ಕಾಲು ಪಾಲು ಐಟಂ ಇವೇ. ಅಡಿಕೆ ಹಾಳೆಯ ತಟ್ಟೆಗೆ ಹೆಸರಾದ ಸೀಮೆಯಲ್ಲಿ ಥರ್ಮೊಕೋಲ್ ತಟ್ಟೆಯಲ್ಲಿ ತಿಂಡಿ ಕೊಡುವುದಕ್ಕೆ ಯಾವ ಸಬೂಬೂ ಇಲ್ಲ.

ತೆರೆಮರೆಯ ಸಿದ್ಧತೆ ಇನ್ನೂ ದುರ್ಬಲ. ಜಾಗ ಬದಲಾದರೆ ವ್ಯಾಪಾರ ಪರವಾನಗಿ ಹೊಸ ವಿಳಾಸಕ್ಕೆ ಆಗಬೇಕು. ವ್ಯವಹಾರದ ಮುಖ್ಯ ಸ್ಥಳ ಬದಲಾದದ್ದನ್ನು ಜಿಎಸ್‌ಟಿ ನೋಂದಣಿಯಲ್ಲಿ ತಿದ್ದಿಸಲು 15 ದಿನಗಳೊಳಗೆ ಅರ್ಜಿ ಹಾಕಬೇಕು. ಹೋಟೆಲು, ಬೇಕರಿಯಾದರೆ ಆಹಾರ ಪರವಾನಗಿ ಹಳೆಯ ಜಾಗಕ್ಕೆ ಕೊಟ್ಟದ್ದು, ಅದನ್ನು ಹಾಗೇ ಹೊತ್ತು ತರುವಂತಿಲ್ಲ. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಇವೆಲ್ಲ ‘ಒಮ್ಮೆ ಓಪನಿಂಗ್ ಆಗಲಿ, ಮತ್ತೆ ನೋಡುವ’ ಎಂಬ ಪಟ್ಟಿಗೆ ಹೋಗುತ್ತವೆ. ಗೂಗಲ್ ನಕಾಶೆಯಲ್ಲಿ ಹಳೆಯ ಜಾಗವೇ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಲ್ ಪುಸ್ತಕದಲ್ಲಿ ಹಳೆಯ ವಿಳಾಸವೇ ಅಚ್ಚಾಗಿರುತ್ತದೆ.

ಮೂರು ಪೇಟೆಗಳಿಗೂ ಒಂದೇ ಅಳತೆ ಹಿಡಿಯಲಾಗದು. ಪುತ್ತೂರು ಪೇಟೆ ಬೊಳುವಾರು, ದರ್ಬೆ, ನೆಹರೂನಗರ, ಬೈಪಾಸ್ ಎಂದು ನಾಲ್ಕು ಕಡೆಗೂ ಚಾಚಿದೆ. ಇಲ್ಲಿ ಒಂದು ಕಿಲೋಮೀಟರ್ ಆಚೆ ಹೋದ ಅಂಗಡಿ ಹಳಬರಿಗೆ ಮರೆತೇ ಹೋಗಬಹುದು. ಸುಳ್ಯ ಮಾಣಿ-ಮೈಸೂರು ಹೆದ್ದಾರಿಗೆ ಅಂಟಿಕೊಂಡು ಉದ್ದಕ್ಕೆ ಬೆಳೆದ ಪೇಟೆ, 2011ರ ಜನಗಣತಿಯಲ್ಲಿ 20,000ದ ಆಸುಪಾಸು ಇದ್ದ ಊರು. ಅಲ್ಲಿ ಅಂಗಡಿ ಯಾವ ಕಡೆ ಹೋಯಿತೆಂಬ ಸುದ್ದಿ ಬೇಗ ಹರಡುತ್ತದೆ, ಆದರೆ ಹೆದ್ದಾರಿ ಬದಿಯ ಅಂಗಡಿಯೆದುರು ಕಾರು ನಿಲ್ಲಿಸಲು ಜಾಗವಿದೆಯೇ ಎಂಬುದು ದೊಡ್ಡ ಪ್ರಶ್ನೆ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿಕೊಂಡು ತಾಲೂಕು ಕೇಂದ್ರವಾದ ಕಡಬದ ಕಥೆಯೇ ಬೇರೆ. ಅಲ್ಲಿಗೆ ಬರುವ ಶಾಖೆಗಳು ಹೊಸ ಗಿರಾಕಿಯನ್ನು ಹುಡುಕಿಕೊಂಡು ಬರುತ್ತವೆ. ಕಚೇರಿ ಕೆಲಸಕ್ಕೆ ಈಚಿನವರೆಗೂ ಪುತ್ತೂರಿಗೋ ಸುಳ್ಯಕ್ಕೋ ಹೋಗುತ್ತಿದ್ದವನು ಇನ್ನು ಇಲ್ಲಿಯೇ ಕೊಳ್ಳುತ್ತಾನೆಂಬ ನಂಬಿಕೆ ಅವಕ್ಕೆ. ದೊಡ್ಡ ವೇದಿಕೆಗೆ, ಚೆಂಡೆಗೆ, ಇಡೀ ಊರನ್ನು ಕರೆಯುವುದಕ್ಕೆ ಈ ಮೂರರಲ್ಲಿ ಎಲ್ಲಾದರೂ ನ್ಯಾಯವಿದ್ದರೆ ಅದು ಕಡಬದಲ್ಲಿ.

ಹಾಗಾದರೆ ಜಾಗ ಬದಲಿಸುವವನು ದುಡ್ಡು ಎಲ್ಲಿ ಹಾಕಬೇಕು? ಮೊದಲು ಹಳೆಯ ಅಂಗಡಿಯಲ್ಲಿ. ಹೋಗುವ ತಿಂಗಳ ಮುಂಚಿನಿಂದ ಪ್ರತಿ ಬಿಲ್ಲಿನ ಜತೆ ದಾರಿ ತಿಳಿಸುವ ಚೀಟಿ ಕೊಡಬೇಕು. ಉದ್ರಿ ಪುಸ್ತಕದಲ್ಲಿರುವ ಪ್ರತಿ ಮನೆಗೂ ಆಮಂತ್ರಣ ಹೋಗಬೇಕು, ಸಾಲ ಕೇಳಲಿಕ್ಕಲ್ಲ, ಕರೆಯಲಿಕ್ಕೆ. ಹೋದ ಮೇಲೆ ಹಳೆಯ ಶಟರಿನಲ್ಲಿ ಕೈಬರಹದ ಕಾಗದದ ಬದಲು ಮಳೆಗೂ ಅಳಿಯದ ಬೋರ್ಡು ಇರಬೇಕು, ಅದಕ್ಕೆ ಹಳೆಯ ಕಟ್ಟಡದ ಮಾಲಕರ ಒಪ್ಪಿಗೆಯನ್ನು ಬಾಡಿಗೆ ಲೆಕ್ಕ ಚುಕ್ತಾ ಮಾಡುವಾಗಲೇ ಪಡೆಯಬೇಕು. ಪಕ್ಕದ ಅಂಗಡಿಯವನಿಗೂ ರಿಕ್ಷಾ ಸ್ಟ್ಯಾಂಡಿನವರಿಗೂ ಮೊದಲ ಆಮಂತ್ರಣ ಕೊಡಬೇಕು, ನಾಳೆ ದಾರಿ ಹೇಳುವವರು ಅವರೇ. ಸಾಧ್ಯವಾದರೆ ಪರಿಚಿತ ಮುಖದ ಒಬ್ಬ ಹುಡುಗ ಮೊದಲ ಒಂದೆರಡು ವಾರ ಹಳೆಯ ಜಾಗದಲ್ಲೇ ನಿಂತಿರಲಿ. ಇಷ್ಟಕ್ಕೆ ಬೀಳುವ ಖರ್ಚು ಶಾಲು, ಸ್ಮರಣಿಕೆ, ಫ್ಲೆಕ್ಸಿನ ಖರ್ಚಿಗಿಂತ ಹೆಚ್ಚಾಗಲಾರದು.

ಸಮಾರಂಭವೇ ಬೇಡ ಎಂದು ನಾನು ಹೇಳುತ್ತಿಲ್ಲ. ಊರಿನ ಋಣವನ್ನು ಊರಿನ ಎದುರು ಒಪ್ಪಿಕೊಳ್ಳುವ ಒಳ್ಳೆಯ ಪದ್ಧತಿ ಅದು. ಆದರೆ ಆ ಋಣದಲ್ಲಿ ದೊಡ್ಡ ಪಾಲು ವೇದಿಕೆಯ ಮೇಲಿನವರದ್ದಲ್ಲ. ಪ್ರಥಮ ಖರೀದಿಗೆ ಗಣ್ಯರನ್ನು ಹುಡುಕುವ ಬದಲು ಹಳೆಯ ಅಂಗಡಿಯ ಮೊದಲ ವರ್ಷದ ಗಿರಾಕಿಯೊಬ್ಬರನ್ನು ಕರೆಸಿ, ಟೇಪನ್ನು ಅವರ ಕೈಯಿಂದಲೇ ಕತ್ತರಿಸಲಿ. ಪತ್ರಿಕೆಯ ವರದಿಯಲ್ಲಿ ಎರಡು ಸಾಲು ಕಡಿಮೆಯಾಗಬಹುದು, ಮುಂದಿನ ತಿಂಗಳ ವ್ಯಾಪಾರ ಕಡಿಮೆಯಾಗಲಾರದು.