ವಿಕಾರವೋ ವಿಸ್ಮಯವೋ: ಹರ್ನ್ ಮಹಾಶಯನು ಕಂಡ ಜಪಾನ್

ಪರದೇಶದ ಆಚಾರಗಳನ್ನು ಕುರಿತು ಬರೆಯುವವರಿಗೆ ಎರಡು ಮಾರ್ಗಗಳುಂಟು. ಕಂಡದ್ದನ್ನೆಲ್ಲ ವಿಕಾರವೆಂದು ತೋರಿಸಿ ನಗಿಸುವುದು ಒಂದು. ಅದರ ಕಾರಣವನ್ನರಸಿ ವಿಸ್ಮಯವನ್ನುಂಟುಮಾಡುವುದು ಇನ್ನೊಂದು. ಜಪಾನನ್ನು ಕುರಿತ ಪ್ರವಾಸಲೇಖನಗಳಲ್ಲಿ ಅನೇಕವು ಮೊದಲನೆಯ ಮಾರ್ಗವನ್ನೇ ಹಿಡಿದಿವೆ. ಭೋಜನಶಾಲೆಯ ಬಾಗಿಲಲ್ಲಿ ಗಾಜಿನ ಹಿಂದಿಟ್ಟ ಕೃತಕ ಭಕ್ಷ್ಯಗಳು, ಶೌಚಗೃಹಕ್ಕೆಂದೇ ಮೀಸಲಾದ ಪಾದರಕ್ಷೆಗಳು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡ ಕಲ್ಲಿನ ಭಿಕ್ಷುಮೂರ್ತಿಗಳು, ಇವನ್ನು ಸಾಲಾಗಿ ಎಣಿಸಿ, “ಎಂತಹ ವಿಚಿತ್ರ ಜನ!” ಎಂದು ಮುಗಿಸುವುದು ವಾಡಿಕೆ. ಇದು ಪಟ್ಟಿಯಾದೀತೇ ಹೊರತು ಸಾಹಿತ್ಯವಾಗದು.

ಈ ದೃಷ್ಟಿಯಿಂದ ಲಾಫ್ಕಾಡಿಯೊ ಹರ್ನ್ ಮಹಾಶಯನು 1894ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ ಎಂಬ ಆಂಗ್ಲಗ್ರಂಥವು ಇಂದಿಗೂ ಪರಿಶೀಲನಾರ್ಹವಾಗಿದೆ. 1850ರಲ್ಲಿ ಗ್ರೀಸಿನ ದ್ವೀಪವೊಂದರಲ್ಲಿ ಜನಿಸಿದ ಈತನು 1890ರಲ್ಲಿ ಜಪಾನಿಗೆ ಬಂದು, ಮಾತ್ಸುಯೆ ಪಟ್ಟಣದಲ್ಲಿ ಉಪಾಧ್ಯಾಯನಾಗಿ, ಕೊಯಿಜುಮಿ ಸೆತ್ಸು ಎಂಬಾಕೆಯನ್ನು ವರಿಸಿ, 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಆ ದೇಶದ ಪ್ರಜೆಯೇ ಆದನು.

ಗ್ರಂಥದ ಉತ್ತಮಭಾಗವು ಜಪಾನೀಯರ ಮುಗುಳ್ನಗೆಯನ್ನು ಕುರಿತ ಪ್ರಬಂಧ. ವಿದೇಶೀಯರ ಮನೆಯ ದಾದಿಯೊಬ್ಬಳು ಪತಿಯ ಮರಣವಾರ್ತೆಯನ್ನು ನಗುತ್ತ ತಿಳಿಸಿದಳು. ಸಂಸ್ಕಾರದ ಬಳಿಕ ಅಸ್ಥಿಭಸ್ಮದ ಪಾತ್ರೆಯನ್ನು ತೋರಿಸುವಾಗಲೂ ನಕ್ಕಳು. ಒಡತಿಗೆ ಇದು ಹೃದಯಶೂನ್ಯತೆಯಾಗಿ ಕಂಡಿತು. ಹರ್ನನಾದರೋ, ತನ್ನ ದುಃಖದ ಭಾರವನ್ನು ಪರರ ಮೇಲೆ ಹೊರಿಸಬಾರದೆಂಬ ಶಿಷ್ಟಾಚಾರವೇ ಆ ನಗೆಯೆಂದು ವಿವರಿಸುತ್ತಾನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಅದು ಹಾಸವಲ್ಲ, ಅವಹಿತ್ಥ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದಾದ ಆಕಾರಗೋಪನ. ಒಳಗಿರುವ ಸ್ಥಾಯಿಯು ಶೋಕವೇ.

ಕಲ್ಲಿನ ಭಿಕ್ಷುಮೂರ್ತಿಯ ಪ್ರಕರಣವೂ ಹೀಗೆಯೇ. ಆತನು ಜಿಜೊ, ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ತ್ವ. ಮೃತಶಿಶುಗಳು ಪರಲೋಕದ ನದೀತೀರದಲ್ಲಿ ಕಲ್ಲುಗಳನ್ನು ಪೇರಿಸುತ್ತಿರುವುವೆಂದೂ, ರಾಕ್ಷಸರಿಂದ ಅವುಗಳನ್ನು ಜಿಜೊ ಕಾಪಾಡುವನೆಂದೂ ಅಲ್ಲಿಯ ನಂಬಿಕೆ. ಆ ಕೆಂಪು ಬಟ್ಟೆಯನ್ನು ಕಟ್ಟಿದವಳು ಮಗುವನ್ನು ಕಳೆದುಕೊಂಡ ತಾಯಿಯಾಗಿರಬಹುದು. ಇದನ್ನರಿತವನು ನಕ್ಕಾನೆ?

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕು. ಹರ್ನನು ಒಂದು ಪಟ್ಟಣದಲ್ಲಿ ಕಂಡ ಸ್ವಭಾವವನ್ನು ಇಡೀ ಜನಾಂಗಕ್ಕೆ ಆರೋಪಿಸಿಬಿಡುತ್ತಾನೆ. ಜಪಾನೀ ಗ್ರಂಥಗಳನ್ನು ಸ್ವತಂತ್ರವಾಗಿ ಓದಬಲ್ಲ ಪಾಂಡಿತ್ಯ ಅವನಿಗಿರಲಿಲ್ಲ. ಪತ್ನಿಯ ಮತ್ತು ಶಿಷ್ಯರ ನೆರವೇ ಆಧಾರ. ಅಲ್ಲದೆ, ಪ್ರಾಚೀನವಾದುದೆಲ್ಲ ಅವನಿಗೆ ರಮ್ಯ, ನವೀನವೆಲ್ಲ ಅರಮ್ಯ. ಒಂದು ಜನಾಂಗವು ನಮ್ಮ ಕಣ್ಣಿನ ಸೊಗಸಿಗಾಗಿ ಚಿತ್ರಪಟದಂತೆ ನಿಶ್ಚಲವಾಗಿರಬೇಕೆಂದು ಬಯಸುವುದು ಪ್ರೀತಿಯಾದರೂ ನ್ಯಾಯವಲ್ಲ.

ಆದರೂ ಅವನ ಮಾರ್ಗ ಗ್ರಾಹ್ಯವೇ. ಮೊದಲು ಹೇಳಿದ ವಿಚಿತ್ರಗಳಿಗೆ ಅದನ್ನೇ ಅನ್ವಯಿಸಿ ನೋಡಬಹುದು. ಕೃತಕ ಭಕ್ಷ್ಯಗಳನ್ನು ಇವಾಸಾಕಿ ತಾಕಿಜೊ ಎಂಬಾತನು 1932ರಲ್ಲಿ ಓಸಾಕಾದಲ್ಲಿ ಮೇಣದಿಂದ ಮಾಡಿ ಉದ್ಯಮವಾಗಿ ಬೆಳೆಸಿದನು. ಒಳಗೆ ದೊರೆಯುವುದೇನೆಂಬುದನ್ನು ಹೊರಗಿನಿಂದಲೇ ಅರಿಯಲು ಗಿರಾಕಿಗೆ ಅವು ಸಹಾಯಕ. ಬೇರೆ ಪಾದರಕ್ಷೆಯ ಮರ್ಮವನ್ನು, ಮಡಿಮೈಲಿಗೆಗಳನ್ನು ಬಲ್ಲ ನಮ್ಮ ಮನೆಗಳಿಗೆ ವಿವರಿಸಬೇಕಾಗಿಲ್ಲ.

ನಮ್ಮ ಹೊಸ್ತಿಲಿನ ರಂಗವಲ್ಲಿಯನ್ನೂ ಬಾಗಿಲಿನ ತೋರಣವನ್ನೂ ಯಾರಾದರೂ ಎಣಿಸಿಕೊಂಡು ನಕ್ಕುಹೋದರೆ ನಮಗೆ ಸಮ್ಮತವೆ? ನಮಗೆ ಬೇಡವಾದ ಆ ನೋಟವನ್ನು ಪರರ ಮೇಲೆ ಹಾಯಿಸದಿರುವುದೇ ಪ್ರವಾಸಲೇಖಕನ ಮೊದಲ ಔಚಿತ್ಯ.